ಕಡಲು ಬಿಸಿಯಾಗುತ್ತಿರುವಾಗ ನಮ್ಮ ಬಂಡೆಗಳ ಮೇಲಿನ ಕಡಲಪಾಚಿಯ ಗತಿ ಏನು?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಮಲ್ಪೆ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆಸ್ಟ್ರೇಲಿಯ, ಕ್ಯಾಲಿಫೋರ್ನಿಯಾ ಮೊದಲಾದ ಕಡೆ ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯ ಕಾಡುಗಳು ಸಮುದ್ರದ ಬಿಸಿಗೆ ನಾಶವಾಗುತ್ತಿವೆ ಎಂದು ಪಾಠದ ನಡುವೆ ಹೇಳಿದಾಗ, ಮೀನುಗಾರರ ಮನೆಯ ವಿದ್ಯಾರ್ಥಿನಿಯೊಬ್ಬಳು "ಕಾಪುವಿನ ಬಂಡೆಯ ಮೇಲಿನ ಪಾಚಿಗೂ ಹಾಗೇ ಆಗುತ್ತದಾ ಟೀಚರ್?" ಎಂದು ಕೇಳಿದಳು. ಆಗ ನಾನು ಕೊಟ್ಟ ಉತ್ತರ ಅವಳಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ.

ನಮ್ಮ ಕಡಲಿನ ನೀರು ಮೊದಲೇ ಬೆಚ್ಚಗಿರುವುದರಿಂದ ಇಲ್ಲಿನ ಪಾಚಿಗಳಿಗೆ ಬಿಸಿ ಅಭ್ಯಾಸವಾಗಿರಬೇಕು, ಹಾಗಾಗಿ ಅಪಾಯ ಕಡಿಮೆ ಎಂದು ಕೆಲವರು ಹೇಳುತ್ತಾರೆ. ಇದು ಸರಿಯೇ? ಗಾಳಿಯ ಉಷ್ಣತೆ ಒಂದೇ ದಿನದಲ್ಲಿ ಎಂಟು ಹತ್ತು ಡಿಗ್ರಿ ಏರಿಳಿಯುವಾಗ, ಕಡಲಿನಲ್ಲಿ ಒಂದೆರಡು ಡಿಗ್ರಿ ಏರಿದ ಮಾತ್ರಕ್ಕೆ ಇಡೀ ಕಾಡು ಸಾಯುವುದು ಹೇಗೆಂದು ಮಕ್ಕಳಿಗೆ ಯಾವ ರೀತಿಯಲ್ಲಿ ವಿವರಿಸಬೇಕು? ನಮ್ಮ ತೀರದಲ್ಲಿ ಬದಲಾವಣೆ ಆಗುತ್ತಿದ್ದರೆ ಅದನ್ನು ಶಾಲೆಯ ಮಕ್ಕಳೇ ಗುರುತಿಸಬಹುದಾದ ದಾರಿ ಇದೆಯೇ? ತಿಳಿದವರು ದಯವಿಟ್ಟು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ಮಂಗಳೂರು

ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ಮೊದಲಿಗೆ ಒಂದು ಮಾತು: ನಮ್ಮ ಕರಾವಳಿಯಲ್ಲಿ ಕೆಲ್ಪ್ ಕಾಡುಗಳಿಲ್ಲ. ಕೆಲ್ಪ್‌ಗಳು ಕಂದು ಪಾಚಿಗಳಲ್ಲಿ ಲ್ಯಾಮಿನೇರಿಯೇಲ್ಸ್ ಗಣಕ್ಕೆ ಸೇರಿದವು, ಮತ್ತು ಅವುಗಳಲ್ಲಿ ಹೆಚ್ಚಿನವು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ನೀರನ್ನು ಬಯಸುತ್ತವೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಕಡಲಿನ ಮೇಲ್ಮೈ ನೀರು 30 ಡಿಗ್ರಿ ಮುಟ್ಟುತ್ತದೆ. ಮಳೆಗಾಲದ ಅತಿ ತಂಪಿನ ದಿನಗಳಲ್ಲೂ 26-27 ಡಿಗ್ರಿಗಿಂತ ಹೆಚ್ಚು ಕೆಳಗಿಳಿಯುವುದು ಅಪರೂಪ. ಆದ್ದರಿಂದ ಕೆಲ್ಪ್‌ನ ಕಥೆಯನ್ನು ಇದ್ದ ಹಾಗೆಯೇ ಇಲ್ಲಿಗೆ ತಂದು ಹೇಳಲು ಬರುವುದಿಲ್ಲ. ಆದರೂ ಅದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಬಿಸಿ ಒಂದು ಪಾಚಿಯನ್ನು ಕೊಲ್ಲುವ ಬಗೆ ಅಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣಿಸಿದೆ.

ಒಂದೆರಡು ಡಿಗ್ರಿಗೆ ಏಕೆ ಸಾಯುತ್ತದೆ ಎಂಬುದಕ್ಕೆ ಮಕ್ಕಳಿಗೆ ಮನೆಯ ಆದಾಯ-ಖರ್ಚಿನ ಲೆಕ್ಕವನ್ನು ಹೇಳಬಹುದು. ದ್ಯುತಿಸಂಶ್ಲೇಷಣೆ ಪಾಚಿಯ ಆದಾಯ, ಉಸಿರಾಟ ಅದರ ಖರ್ಚು. ನೀರು ಬಿಸಿಯಾಗುತ್ತ ಹೋದಂತೆ ಒಂದು ಹಂತದವರೆಗೆ ಎರಡೂ ಏರುತ್ತವೆ. ಅದನ್ನು ದಾಟಿದ ಮೇಲೆ ಖರ್ಚು ಏರುತ್ತಲೇ ಇರುತ್ತದೆ, ಆದಾಯ ಕುಸಿಯುತ್ತದೆ. ಗಾಳಿಯ ಉಷ್ಣತೆ ಹಗಲು ಏರಿ ರಾತ್ರಿ ಇಳಿಯುವುದರಿಂದ ನೆಲದ ಗಿಡಕ್ಕೆ ಬಿಡುವು ಸಿಗುತ್ತದೆ. ಕಡಲಿನ ನೀರು ಒಮ್ಮೆ ಬಿಸಿಯಾದರೆ ವಾರಗಟ್ಟಲೆ ಹಾಗೆಯೇ ನಿಲ್ಲುತ್ತದೆ, ಪಾಚಿಗೆ ಚೇತರಿಸಿಕೊಳ್ಳಲು ಒಂದು ರಾತ್ರಿಯೂ ಸಿಗುವುದಿಲ್ಲ. ಆ ಸ್ಥಳದಲ್ಲಿ ಆ ಋತುವಿಗೆ ತೀರಾ ಅಪರೂಪವಾದಷ್ಟು ಬಿಸಿ ಐದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿದರೆ ವಿಜ್ಞಾನಿಗಳು ಅದನ್ನು ಸಮುದ್ರದ ಬಿಸಿ ಅಲೆ ಎಂದು ಕರೆಯುತ್ತಾರೆ. ಸರಾಸರಿ ಉಷ್ಣತೆಯ ನಿಧಾನದ ಏರಿಕೆಗಿಂತ ಇಂಥ ಬಿಸಿ ಅಲೆಗಳೇ ಹೆಚ್ಚು ಹಾನಿ ಮಾಡಿವೆ.

ಇನ್ನೊಂದು ಕಾರಣವಿದೆ, ನನ್ನ ಅಭಿಪ್ರಾಯದಲ್ಲಿ ಇದು ಇನ್ನೂ ಮುಖ್ಯವಾದದ್ದು. ಬೆಚ್ಚನೆಯ ನೀರು ಹಗುರವಾಗಿ ಮೇಲೆ ತೇಲುತ್ತದೆ, ಆಗ ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುವುದಿಲ್ಲ. ಕ್ಯಾಲಿಫೋರ್ನಿಯಾದ ದಕ್ಷಿಣ ತೀರದಲ್ಲಿ ನೀರು ಸುಮಾರು 16 ಡಿಗ್ರಿ ದಾಟಿದರೆ ಅದರಲ್ಲಿ ನೈಟ್ರೇಟ್ ಬಹುತೇಕ ಇಲ್ಲವಾಗುತ್ತದೆ. ದೈತ್ಯ ಕೆಲ್ಪ್ ಅನುಕೂಲ ಸಮಯದಲ್ಲಿ ದಿನಕ್ಕೆ 30 ಸೆಂಟಿಮೀಟರ್‌ಗೂ ಹೆಚ್ಚು ಬೆಳೆಯುವ ಜೀವಿ. ಅಷ್ಟು ವೇಗವಾಗಿ ಬೆಳೆಯುವುದಕ್ಕೆ ಸಾರಜನಕ ಸಿಗದಿದ್ದರೆ ಅದು ಬಿಸಿಯ ಜೊತೆಗೆ ಹಸಿವನ್ನೂ ಎದುರಿಸಬೇಕಾಗುತ್ತದೆ.

2011ರ ಬೇಸಿಗೆಯಲ್ಲಿ ಪಶ್ಚಿಮ ಆಸ್ಟ್ರೇಲಿಯದ ತೀರದ ನೀರು ವಾಡಿಕೆಗಿಂತ ಎರಡರಿಂದ ನಾಲ್ಕು ಡಿಗ್ರಿ ಹೆಚ್ಚು ಬಿಸಿಯಾಗಿ ಹಲವು ವಾರ ಹಾಗೆಯೇ ಉಳಿಯಿತು. ಕಲ್ಬಾರಿ ಪ್ರದೇಶದಿಂದ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್ ಉದ್ದಕ್ಕೆ ಎಕ್ಲೋನಿಯಾ ರೇಡಿಯೇಟಾ ಎಂಬ ಕೆಲ್ಪ್‌ನ ಕಾಡು ಅಳಿಯಿತು. ನೀರು ಮತ್ತೆ ತಂಪಾದ ಮೇಲೂ ಕಾಡು ಮರಳಲಿಲ್ಲ. ಕೆಲ್ಪ್ ನಿಂತಿದ್ದ ಬಂಡೆಗಳನ್ನು ಗಿಡ್ಡನೆಯ, ಚಾಪೆಯಂತೆ ಹರಡುವ ಪಾಚಿಗಳು ಆಕ್ರಮಿಸಿದ್ದವು. ಉತ್ತರದಿಂದ ಬಂದ ಉಷ್ಣವಲಯದ ಮೀನುಗಳು ಹೊಸದಾಗಿ ಚಿಗುರಿದ ಕೆಲ್ಪ್ ಮರಿಗಳನ್ನು ಮೇಯ್ದುಬಿಡುತ್ತಿದ್ದವು.

ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಆದದ್ದು ಇನ್ನೂ ಸಿಕ್ಕಲಾದ ಘಟನೆ. 2013ರಿಂದ ಒಂದು ರೋಗ ನಕ್ಷತ್ರ ಮೀನುಗಳನ್ನು ಸಾಮೂಹಿಕವಾಗಿ ಕೊಂದಿತು. ಸೀ ಅರ್ಚಿನ್ ಎಂಬ ಮುಳ್ಳುಮೈಯ ಜೀವಿಗಳನ್ನು ತಿಂದು ಹತೋಟಿಯಲ್ಲಿಡುತ್ತಿದ್ದ ಸೂರ್ಯಕಾಂತಿ ನಕ್ಷತ್ರ ಮೀನು ಹೀಗೆ ಇಲ್ಲವಾಯಿತು. ಅದರ ಬೆನ್ನಿಗೇ 2014ರಿಂದ 2016ರವರೆಗೆ ದೊಡ್ಡ ಬಿಸಿ ಅಲೆ ಬಂದು ಕೆಲ್ಪ್ ಸೊರಗಿತು, ಅರ್ಚಿನ್‌ಗಳು ಮಿತಿಮೀರಿ ಹೆಚ್ಚಿ ಉಳಿದದ್ದನ್ನು ಬುಡಸಮೇತ ತಿಂದವು. ಅಲ್ಲಿನ ಬುಲ್ ಕೆಲ್ಪ್ ಕಾಡಿನ ಶೇಕಡಾ 90ಕ್ಕೂ ಹೆಚ್ಚು ಭಾಗ ಹೋಯಿತು. ಕೆಲ್ಪ್ ತಿಂದು ಬದುಕುವ ಅಬಲೋನ್ ಚಿಪ್ಪುಜೀವಿಗಳು ಹಸಿವಿನಿಂದ ಸತ್ತು, 2018ರಲ್ಲಿ ಅವುಗಳನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಬಿಸಿ ಒಂದೇ ಕಾರಣವೆಂದು ಮಕ್ಕಳಿಗೆ ಹೇಳಬೇಡಿ. ಬಿಸಿ, ರೋಗ, ಮೇಯುವ ಜೀವಿ, ಈ ಮೂರೂ ಒಂದೇ ಕಾಲಕ್ಕೆ ಕೂಡಿ ಬಂದದ್ದೇ ಅಲ್ಲಿನ ದುರಂತ.

ಈಗ ನಮ್ಮ ಊರಿಗೆ ಬರೋಣ. ಇಲ್ಲಿನ ಪಾಚಿಗಳಿಗೆ ಬಿಸಿ ಅಭ್ಯಾಸವಾಗಿದೆ ಎಂಬುದು ಅರ್ಧ ಸತ್ಯ. ಉಷ್ಣವಲಯದ ಎಷ್ಟೋ ಜೀವಿಗಳು ತಾವು ತಾಳಬಲ್ಲ ಗರಿಷ್ಠ ಉಷ್ಣತೆಗೆ ಬಹಳ ಹತ್ತಿರದಲ್ಲೇ ಬದುಕುತ್ತಿರುತ್ತವೆ, ಹಾಗಾಗಿ ಅವುಗಳಿಗೆ ಮೇಲಕ್ಕೆ ಉಳಿದಿರುವ ಅವಕಾಶ ತಣ್ಣನೆಯ ಪ್ರದೇಶದ ಜೀವಿಗಳಿಗಿಂತ ಕಡಿಮೆ. ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ, 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಉಷ್ಣತೆ ಸರಾಸರಿ 1 ಡಿಗ್ರಿ ಏರಿದೆ. ಇದೇ ಅವಧಿಯಲ್ಲಿ ಜಗತ್ತಿನ ಸಾಗರಗಳ ಸರಾಸರಿ ಏರಿಕೆ 0.7 ಡಿಗ್ರಿ. ನಾವು ಹೆಚ್ಚು ವೇಗವಾಗಿ ಬಿಸಿಯಾಗುತ್ತಿರುವ ಕಡಲಿನ ದಡದಲ್ಲಿದ್ದೇವೆ.

ನಮ್ಮ ಬಂಡೆಗಳ ಮೇಲಿನ ಪಾಚಿಗಳಿಗೆ ಋತುವೇ ಎಲ್ಲ. ಮಳೆಗಾಲದಲ್ಲಿ ಅಲೆ ಬಡಿಯುವ ಬಂಡೆಗಳ ಮೇಲ್ಭಾಗದಲ್ಲಿ ಪೋರ್ಫೈರಾ ಎಂಬ ಕೆಂಪು ಪಾಚಿ, ತೆಳುವಾದ ಕಂದು-ನೇರಳೆ ಹಾಳೆಯ ಹಾಗೆ ಅಂಟಿಕೊಂಡು, ಕೆಲವೇ ತಿಂಗಳು ಕಾಣಿಸುತ್ತದೆ. ಮಳೆ ಕಡಿಮೆಯಾದಂತೆ ಹಸಿರು ಉಲ್ವಾ ಹಬ್ಬುತ್ತದೆ. ನವರಾತ್ರಿಯ ಹೊತ್ತಿಗೆ ಬಂಡೆಯ ಕೆಳಭಾಗದಲ್ಲಿ, ನೀರಿಳಿದಾಗ ಮಾತ್ರ ಕಾಣುವ ಕಡೆ, ಸಾರ್ಗಾಸಮ್ ಬೆಳೆಯತೊಡಗುತ್ತದೆ. ಅದರ ಎಲೆಗಳ ನಡುವೆ ಮೆಣಸಿನ ಕಾಳಿನಷ್ಟು ಗಾತ್ರದ ಗಾಳಿ ತುಂಬಿದ ಗುಳ್ಳೆಗಳಿರುತ್ತವೆ. ಬೆರಳಿನಲ್ಲಿ ಒತ್ತಿದರೆ ಪಟ್ಟೆಂದು ಒಡೆಯುತ್ತವೆ. ಪಕ್ಕದಲ್ಲೇ ಪಡೈನಾ, ಬೀಸಣಿಗೆಯ ಆಕಾರದ್ದು, ಮೈಮೇಲೆ ಸಾಲುಸಾಲಾಗಿ ಕಮಾನಿನಂಥ ಗೆರೆಗಳು, ಒಣಗಿದಾಗ ಸುಣ್ಣದ ಬಿಳುಪು. ಬೇಸಿಗೆ ಬಿರುಸಾಗುವ ಹೊತ್ತಿಗೆ ಸಾರ್ಗಾಸಮ್ ತನ್ನ ಕೊಂಬೆಗಳನ್ನು ಕಳಚಿಕೊಂಡು ಬುಡವನ್ನಷ್ಟೇ ಉಳಿಸಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಬಿಸಿಯ ಪರಿಣಾಮವನ್ನು ಸತ್ತ ಕಾಡಿನ ರೂಪದಲ್ಲಿ ಹುಡುಕಬೇಡಿ. ಯಾವ ಪಾಚಿ ಯಾವ ತಿಂಗಳು ಬಂತು, ಎಷ್ಟು ದಿನ ಉಳಿಯಿತು, ಬಂಡೆಯ ಯಾವ ಎತ್ತರದವರೆಗೆ ಹತ್ತಿತು, ಯಾವಾಗ ಕಳಚಿತು ಎಂಬುದರಲ್ಲಿ ಹುಡುಕಿ.

ಉತ್ತರ: ಸಲಾಲಾದಲ್ಲಿ ಉದ್ಯೋಗದಲ್ಲಿದ್ದವರು, ಸುರತ್ಕಲ್

ಉಪನ್ಯಾಸಕರು ಹೇಳಿದ್ದು ಸರಿ. ನಮ್ಮ ತೀರದಲ್ಲಿ ಕೆಲ್ಪ್ ಇಲ್ಲ. ಆದರೆ ನಮ್ಮ ಅರಬ್ಬಿ ಸಮುದ್ರದಲ್ಲಿಯೇ ಕೆಲ್ಪ್ ಇತ್ತು ಎಂಬುದು ಈ ಚರ್ಚೆಯಲ್ಲಿ ಬರಲೇಬೇಕಾದ ವಿಷಯ ಎಂದು ನನಗೆ ಅನ್ನಿಸುತ್ತದೆ.

ಓಮನ್ ದೇಶದ ದೋಫಾರ್ ಪ್ರಾಂತ್ಯದಲ್ಲಿ, ಸಲಾಲಾದಿಂದ ಪೂರ್ವಕ್ಕೆ ಮಿರ್ಬಾತ್ ದಾಟಿದ ಮೇಲೆ ಸಿಗುವ ಸದಾಹ್ ಎಂಬ ಊರಿನ ತೀರದಲ್ಲಿ, ಮೇಲೆ ಹೇಳಿದ ಎಕ್ಲೋನಿಯಾ ರೇಡಿಯೇಟಾ ಬೆಳೆಯುತ್ತಿತ್ತು. ಮೂಲತಃ ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ಈ ಕೆಲ್ಪ್‌ಗೆ ಭೂಮಧ್ಯರೇಖೆಯ ಉತ್ತರಕ್ಕೆ ಇದ್ದ ಖಚಿತವಾದ ನೆಲೆ ಅದೊಂದೇ. ಬಿಸಿಲಿಗೆ ಹೆಸರಾದ ಆ ದೇಶದಲ್ಲಿ ತಂಪು ನೀರಿನ ಪಾಚಿ ಹೇಗೆ ಬದುಕಿತು ಎಂದರೆ, ಅದಕ್ಕೆ ಕಾರಣ ನಮಗೆ ಮಳೆ ತರುವ ಅದೇ ನೈಋತ್ಯ ಮಾರುತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗಾಳಿ ಓಮನ್ ತೀರಕ್ಕೆ ಸಮಾನಾಂತರವಾಗಿ ಬಲವಾಗಿ ಬೀಸುತ್ತದೆ. ಭೂಮಿಯ ತಿರುಗುವಿಕೆಯ ಪ್ರಭಾವದಿಂದ ಮೇಲ್ಮೈ ನೀರು ದಡದಿಂದ ದೂರಕ್ಕೆ ಸರಿಯುತ್ತದೆ, ಆ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೇರಿ ಬರುತ್ತದೆ. ಆಗುಂಬೆಯಲ್ಲಿ ಧಾರಾಕಾರ ಮಳೆ ಸುರಿಯುವ ದಿನಗಳಲ್ಲೇ ದೋಫಾರ್ ತೀರದ ನೀರು 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿನವರು ಈ ಋತುವನ್ನು ಖರೀಫ್ ಎಂದು ಕರೆಯುತ್ತಾರೆ. ಬೆಟ್ಟಗಳೆಲ್ಲ ಮಂಜು ಮುಸುಕಿ ಹಸಿರಾಗುತ್ತವೆ, ನಮ್ಮ ಕರಾವಳಿಯ ಎಷ್ಟೋ ಮಂದಿ ಅದನ್ನು ಕಣ್ಣಾರೆ ಕಂಡಿರುತ್ತಾರೆ.

2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಆ ಕೆಲ್ಪ್ ಈಗ ಅಲ್ಲಿಲ್ಲ ಎಂದು ದಾಖಲಿಸಿದೆ. ಹಿಂದೆ ಅದು ಬೆಳೆಯುತ್ತಿದ್ದ ಸ್ಥಳದಲ್ಲಿ ಹುಡುಕಿದರೂ ಒಂದು ಗಿಡವೂ ಸಿಗಲಿಲ್ಲ. ಒಣಗಿಸಿ ಕಾಪಿಟ್ಟ ಹಳೆಯ ಮಾದರಿಗಳ ವಂಶವಾಹಿಗಳನ್ನು ಪರೀಕ್ಷಿಸಿದಾಗ, ಬೇರೆ ಯಾವ ಕಡೆಯ ಎಕ್ಲೋನಿಯಾದಲ್ಲೂ ಕಾಣದ ಒಂದು ವಿಶಿಷ್ಟ ಗುರುತು ಅದರಲ್ಲಿತ್ತೆಂದು ತಿಳಿಯಿತು. ಅಂದರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಒಂದು ವಂಶವೇ ಕಣ್ಮರೆಯಾಯಿತು. ಕಳೆದ ನಾಲ್ಕು ದಶಕಗಳಲ್ಲಿ ಅರಬ್ಬಿ ಸಮುದ್ರ ಗಣನೀಯವಾಗಿ ಬಿಸಿಯಾಗಿರುವುದು ಮತ್ತು ಆಗಾಗ ತಣ್ಣೀರಿನ ಮೇಲೇರಿಕೆ ಕುಗ್ಗಿದ್ದು ಇದಕ್ಕೆ ಕಾರಣವಾಗಿರಬಹುದು ಎಂಬುದು ಸಂಶೋಧಕರ ಅಭಿಪ್ರಾಯ. ಆಸ್ಟ್ರೇಲಿಯ, ಅಮೆರಿಕದ ಸುದ್ದಿ ನಮಗೆ ತಲುಪುತ್ತದೆ. ನಮ್ಮದೇ ಕಡಲಿನ ಆಚೆ ದಡದಲ್ಲಿ ಆದದ್ದು ಇಲ್ಲಿ ಯಾರ ಬಾಯಲ್ಲೂ ಕೇಳಲಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಮೇಡಂ, ಮಕ್ಕಳಿಗೆ ದಯವಿಟ್ಟು ಇದನ್ನು ಹೇಳಿ.

ಉತ್ತರ: ಪಡು ನಿವಾಸಿ, ಕಾಪು

ನಮ್ಮದು ಪಚ್ಚಿಲೆ, ಅಂದರೆ ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿ, ತೆಗೆಯುವ ಕುಟುಂಬ. ಬಂಡೆಗಳ ಜೊತೆ ನಮ್ಮ ಒಡನಾಟ ಹಳೆಯದು. ಕಡಲು ಬಿಸಿಯಾಗಿರುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಣ್ಣಿಗೆ ಕಾಣುವ ಎಲ್ಲ ಬದಲಾವಣೆಗೂ ಬಿಸಿಯನ್ನೇ ಹೊಣೆ ಮಾಡಿದರೆ ಉಳಿದ ಕಾರಣಗಳು ತಪ್ಪಿಸಿಕೊಳ್ಳುತ್ತವೆ. ಕೊಳಚೆ ನೀರು ಸೇರುವ ತೋಡಿನ ಬಾಯಿಯ ಹತ್ತಿರದ ಬಂಡೆಗಳಲ್ಲಿ ಜಾರುವ ಹಸಿರು ಪಾಚಿ ವರ್ಷವಿಡೀ ಇರುತ್ತದೆ. ಸ್ವಲ್ಪ ದೂರ ಹೋದರೆ ಅದೇ ಪಾಚಿ ಋತುವಿಗೆ ಬಂದು ಋತುವಿಗೆ ಹೋಗುತ್ತದೆ. ಕಡಲ್ಕೊರೆತ ತಡೆಯಲು ಕಲ್ಲು ಹಾಕಿದ ಕಡೆ ಮರಳಿನ ಹರಿವು ಬದಲಾಗಿ, ಹಳೆಯ ಬಂಡೆ ಮರಳಿನಡಿ ಹೂತುಹೋದ ಉದಾಹರಣೆಗಳಿವೆ. ಮರಳು ಮುಚ್ಚಿದ ಬಂಡೆಯಲ್ಲಿ ಪಾಚಿಯೂ ಇಲ್ಲ, ಪಚ್ಚಿಲೆಯೂ ಇಲ್ಲ.

ನನ್ನದೊಂದು ಪ್ರಶ್ನೆಯೂ ಇದೆ. ನಮ್ಮ ಮಹಿಳಾ ಸಂಘದವರಿಗೆ ಕಡಲಪಾಚಿ ಕೃಷಿ ಮಾಡಿದರೆ ಲಾಭವಿದೆ ಎಂದು ಒಂದು ಸಭೆಯಲ್ಲಿ ಹೇಳಿದ್ದಾರೆ. ನೀರು ಹೀಗೆ ಬಿಸಿಯಾಗುತ್ತಿರುವಾಗ ಸಾಲ ಮಾಡಿ ಅದಕ್ಕೆ ಕೈಹಾಕುವುದು ಸರಿಯೇ?

ಉತ್ತರ: ಮತ್ಸ್ಯವಿಜ್ಞಾನ ಪದವೀಧರೆ, ಮಂಗಳೂರು

ಅಣ್ಣಾ, ಕೃಷಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಬೆಳೆಸುವುದು ಕ್ಯಾಪಾಫೈಕಸ್ ಎಂಬ ಪಾಚಿಯನ್ನು. ತಮಿಳುನಾಡಿನ ಮಂಡಪಂ, ರಾಮನಾಥಪುರ ಭಾಗದಲ್ಲಿ ಬಿದಿರಿನ ತೆಪ್ಪಗಳಿಗೆ ಹಗ್ಗ ಕಟ್ಟಿ, ಅದಕ್ಕೆ ಪಾಚಿಯ ತುಂಡುಗಳನ್ನು ಪೋಣಿಸಿ, ಸುಮಾರು 45 ದಿನಕ್ಕೊಮ್ಮೆ ಕೊಯ್ಲು ಮಾಡುತ್ತಾರೆ. ಅದರಿಂದ ಕ್ಯಾರಗೀನನ್ ಎಂಬ ಅಂಟು ಪದಾರ್ಥ ತೆಗೆಯುತ್ತಾರೆ. ಈ ಪಾಚಿಗೆ ಬಿಸಿಯ ಸಮಸ್ಯೆ ನೇರವಾಗಿಯೇ ಇದೆ. ನೀರು 30 ಡಿಗ್ರಿ ದಾಟಿ ಬಹಳ ದಿನ ಹಾಗೆಯೇ ನಿಂತಾಗ, ಇಲ್ಲವೇ ಉಪ್ಪಿನಂಶ ಇಳಿದಾಗ, ಗಿಡ ಬಳಲಿ ಐಸ್-ಐಸ್ ಎಂಬ ರೋಗ ತಗಲುತ್ತದೆ: ಕೊಂಬೆಯ ನಡುವೆ ಒಂದು ಕಡೆ ಬಿಳಿಚಿಕೊಂಡು, ಮೆತ್ತಗಾಗಿ, ಅಲ್ಲಿಂದಲೇ ತುಂಡಾಗಿ ನೀರಿಗೆ ಬೀಳುತ್ತದೆ. ಕೆಲವೇ ದಿನಗಳಲ್ಲಿ ಹಗ್ಗ ಖಾಲಿಯಾಗಬಹುದು.

ನಮ್ಮಲ್ಲಿ ಎರಡು ಕಡೆಯಿಂದಲೂ ಇಕ್ಕಟ್ಟು. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿ ಹೆಚ್ಚು. ಜೂನ್ ಬಂದರೆ ಅಬ್ಬರದ ಅಲೆಗಳು, ಮೇಲಿಂದ ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ ನದಿಗಳ ಸಿಹಿನೀರು. ಆದ್ದರಿಂದ ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗಿನ ಅವಧಿಯನ್ನಷ್ಟೇ ನಂಬಿ ಲೆಕ್ಕ ಹಾಕಬೇಕು. ವರ್ಷವಿಡೀ ಬೆಳೆ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇನ್ನೊಂದು ಎಚ್ಚರಿಕೆ: ಇದು ಹೊರಗಿನಿಂದ ತಂದ ಪ್ರಭೇದ. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ಇದು ಹವಳದ ಮೇಲೆ ಹಬ್ಬಿದ್ದು 2008ರಲ್ಲೇ ವರದಿಯಾಗಿದೆ. ಸೇಂಟ್ ಮೇರೀಸ್ ದ್ವೀಪದ ಹತ್ತಿರವಾಗಲಿ, ಮುರುಡೇಶ್ವರದ ಆಚೆಯ ನೇತ್ರಾಣಿ ಹವಳಗಳ ಹತ್ತಿರವಾಗಲಿ ಅದನ್ನು ತರುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಇಲ್ಲಿಯದೇ ಆದ ಗ್ರೇಸಿಲೇರಿಯಾವನ್ನು ಮೊದಲು ನಾಲ್ಕೈದು ಹಗ್ಗಗಳಲ್ಲಿ ಒಂದು ಋತು ಬೆಳೆಸಿ ನೋಡಿ. ಆ ಪಾಚಿಯಿಂದ ಅಗರ್ ಎಂಬ ಜೆಲ್ಲಿಯಂಥ ಪದಾರ್ಥ ತೆಗೆಯುತ್ತಾರೆ. ಕೊಳ್ಳುವವರು ಯಾರು, ಒಣಗಿಸಿದ ಕಿಲೋಗೆ ಎಷ್ಟು ಕೊಡುತ್ತಾರೆ ಎಂಬುದು ಬರಹದಲ್ಲಿ ಸಿಗುವವರೆಗೆ ಸಂಘದವರು ಸಾಲ ತೆಗೆಯುವುದು ಬೇಡ. ಮಂಗಳೂರಿನಲ್ಲಿರುವ ಮೀನುಗಾರಿಕಾ ಕಾಲೇಜು ಹಾಗೂ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಿದ ನಂತರವೇ ಜಾಗ ಆರಿಸಿ.

ಪ್ರತಿಕ್ರಿಯೆ: ವಿಜ್ಞಾನ ಶಿಕ್ಷಕಿ, ಮಲ್ಪೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಓಮನ್‌ನ ವಿಷಯ ನನಗೆ ತಿಳಿದೇ ಇರಲಿಲ್ಲ. ನಾಳೆಯೇ ತರಗತಿಯಲ್ಲಿ ಭೂಪಟ ತೂಗುಹಾಕಿ ತೋರಿಸುತ್ತೇನೆ. ಸರ್, ಮಕ್ಕಳಿಂದ ಬಂಡೆಗಳ ವೀಕ್ಷಣೆ ಮಾಡಿಸುವುದಾದರೆ ಹೇಗೆ ಆರಂಭಿಸಬೇಕು? ಕೊಳಚೆ, ಮರಳು, ಬಿಸಿ, ಇವುಗಳ ಪರಿಣಾಮವನ್ನು ಬೇರ್ಪಡಿಸಿ ನೋಡಲು ನಮಗೆ ಸಾಧ್ಯವೇ?

ಉತ್ತರ: ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ಮಂಗಳೂರು

ಪಡುವಿನವರು ಎತ್ತಿದ ಮಾತು ನಿಮ್ಮ ಕೆಲಸಕ್ಕೆ ತಳಹದಿಯಾಗಲಿ. ಕೊಳಚೆ ಸೇರುವ ಕಡೆಯ ಬಂಡೆಯೊಂದನ್ನೂ, ಅದರಿಂದ ದೂರದ, ಮರಳು ಮುಚ್ಚದ ಬಂಡೆಯೊಂದನ್ನೂ ಆರಿಸಿಕೊಳ್ಳಿ. ಎರಡರಲ್ಲೂ ಒಂದೇ ಬಗೆಯ ಬದಲಾವಣೆ ಒಂದೇ ಕಾಲಕ್ಕೆ ಕಂಡರೆ ಇಡೀ ಕಡಲಿಗೆ ಸಂಬಂಧಿಸಿದ ಕಾರಣವನ್ನು ಯೋಚಿಸಬಹುದು. ಒಂದರಲ್ಲಿ ಮಾತ್ರ ಕಂಡರೆ ಕಾರಣ ಆ ಜಾಗದಲ್ಲೇ ಇರುವ ಸಂಭವ ಹೆಚ್ಚು.

ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪಿನಿಂದ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಚೌಕಟ್ಟು ಮಾಡಿ, ಅದಕ್ಕೆ ಅಡ್ಡಕ್ಕೂ ಉದ್ದಕ್ಕೂ ನಾಲ್ಕು ನಾಲ್ಕು ದಾರ ಕಟ್ಟಿದರೆ 25 ಮನೆಗಳಾಗುತ್ತವೆ. ಚೌಕಟ್ಟನ್ನು ಬಂಡೆಯ ಮೇಲೆ ಪ್ರತಿಸಲವೂ ಅದೇ ಜಾಗದಲ್ಲಿ ಇಟ್ಟು, ಎಷ್ಟು ಮನೆಗಳಲ್ಲಿ ಹಸಿರು, ಎಷ್ಟರಲ್ಲಿ ಕಂದು, ಎಷ್ಟರಲ್ಲಿ ಕೆಂಪು ಪಾಚಿ, ಎಷ್ಟರಲ್ಲಿ ಬರಿಯ ಬಂಡೆ ಅಥವಾ ಚಿಪ್ಪು ಎಂದು ಎಣಿಸಿದರೆ ಸಾಕು. ಪ್ರಭೇದದ ಹೆಸರು ಗೊತ್ತಿರಲೇಬೇಕೆಂದಿಲ್ಲ. ಜಾಗದ ಗುರುತಿಗೆ ಬಂಡೆಗೆ ಬಣ್ಣ ಬಳಿಯಬೇಡಿ, ಅದು ಉಳಿಯುವುದೂ ಇಲ್ಲ. ಬಂಡೆಯ ಬಿರುಕು, ಮೂಲೆಗಳನ್ನು ಚಿತ್ರದಲ್ಲಿ ಗುರುತಿಸಿಕೊಳ್ಳಿ. ನೇರ ಮೇಲಿನಿಂದ ಒಂದು ಫೋಟೋ ತೆಗೆದು ದಿನಾಂಕ, ಸಮಯ ಬರೆದಿಡಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಇಳಿತದ ಹೊತ್ತನ್ನು ಆರಿಸಿಕೊಂಡರೆ ಸಾರ್ಗಾಸಮ್ ಇರುವ ಕೆಳಭಾಗವೂ ಸಿಗುತ್ತದೆ. ಬಂಡೆಯ ಗುಂಡಿಯಲ್ಲಿ ನಿಂತ ನೀರಿನ ಉಷ್ಣತೆಯನ್ನೂ ತೆರೆದ ಕಡಲಿನ ನೀರಿನ ಉಷ್ಣತೆಯನ್ನೂ ಬೇರೆ ಬೇರೆಯಾಗಿ ಅಳೆಯಿರಿ, ಮಧ್ಯಾಹ್ನದ ಇಳಿತದಲ್ಲಿ ಎರಡರ ನಡುವಿನ ವ್ಯತ್ಯಾಸ ಮಕ್ಕಳಿಗೆ ತಾನಾಗಿಯೇ ಪಾಠ ಹೇಳುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಸಮುದ್ರದ ಬಿಸಿ ಅಲೆಗಳ ಮುನ್ಸೂಚನೆಯನ್ನು ಅಂತರ್ಜಾಲದಲ್ಲಿ ಕೊಡುತ್ತದೆ. ಅದನ್ನು ನಿಮ್ಮ ಪುಸ್ತಕದ ಪಕ್ಕದಲ್ಲಿ ಇಟ್ಟುಕೊಂಡು ನೋಡಬಹುದು.

ಒಂದು ವರ್ಷದ ಲೆಕ್ಕದಿಂದ ಬಿಸಿಯ ಬಗ್ಗೆ ಏನನ್ನೂ ಹೇಳಲು ಬರುವುದಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿ. ಒಂದು ವರ್ಷ ಮಳೆ ತಡವಾದರೆ ಪಾಚಿಯೂ ತಡವಾಗುತ್ತದೆ. ಈಗಿನ ಒಂಬತ್ತನೆಯ ತರಗತಿಯವರು ತಮ್ಮ ಪುಸ್ತಕವನ್ನು ಮುಂದಿನ ತಂಡಕ್ಕೆ ಒಪ್ಪಿಸಬೇಕು, ಅವರು ಅದೇ ಬಂಡೆಯಲ್ಲಿ ಅದೇ ಚೌಕಟ್ಟಿಟ್ಟು ಮುಂದುವರಿಸಬೇಕು. ಹತ್ತು ವರ್ಷ ಹೀಗೆ ನಡೆದರೆ ಆ ಪುಸ್ತಕವನ್ನು ಸಂಶೋಧಕರೇ ಹುಡುಕಿಕೊಂಡು ಬಂದಾರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳನ್ನು ಬಂಡೆಗಳಿಗೆ ಕರೆದೊಯ್ಯಬೇಡಿ, ಎಷ್ಟೇ ಶಾಂತವಾಗಿ ಕಂಡರೂ ಬೇಡ. ಆ ತಿಂಗಳುಗಳ ಪೋರ್ಫೈರಾವನ್ನು ಲೈಟ್‌ಹೌಸ್ ಬಳಿಯ ಎತ್ತರದ ಜಾಗದಿಂದ ದುರ್ಬೀನಿನಲ್ಲಿ ನೋಡಿ, ಬಂಡೆಯ ಯಾವ ಮಟ್ಟದವರೆಗೆ ಕಂದು ಬಣ್ಣ ಹತ್ತಿದೆ ಎಂದಷ್ಟೇ ಬರೆದುಕೊಂಡರೆ ಸಾಕು. ಪಡುವಿನವರು ಒಪ್ಪುವುದಾದರೆ, ಮೊದಲ ಸಲ ಬಂಡೆ ಆರಿಸುವಾಗ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಯಾವ ಬಂಡೆ ಮರಳಿನಡಿ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಉತ್ತರ: ಪಡು ನಿವಾಸಿ, ಕಾಪು

ಖಂಡಿತ ಬರುತ್ತೇನೆ ಮೇಡಂ. ನವರಾತ್ರಿ ಕಳೆದ ಮೇಲಿನ ಹುಣ್ಣಿಮೆಗೆ ಇಳಿತ ಚೆನ್ನಾಗಿರುತ್ತದೆ. ಮಕ್ಕಳು ಚಪ್ಪಲಿಯ ಬದಲು ಹಿಡಿತವಿರುವ ಹಳೆಯ ಬೂಟು ಹಾಕಿಕೊಂಡು ಬರಲಿ, ಪಚ್ಚಿಲೆಯ ಅಂಚು ಕಾಲನ್ನು ಕೊಯ್ಯುತ್ತದೆ.